ದೇಹದ ಕಾವಲು ಪ್ರೋಟೀನ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ

ಕಣ್ಣೀರು, ಜೊಲ್ಲು, ಬೆವರು, ಮೂಗಿನ ಲೋಳೆ, ತಾಯಿಯ ಹಾಲು: ಇವೆಲ್ಲದರಲ್ಲೂ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪ್ರೋಟೀನ್‌ಗಳಿವೆ. ಲಸಿಕೆ ಹಾಕಿಸಿಕೊಳ್ಳದಿದ್ದರೂ, ಔಷಧ ನುಂಗದಿದ್ದರೂ, ಸೋಂಕು ತಗಲುವ ಮೊದಲೇ ಅವು ಸಿದ್ಧವಾಗಿರುತ್ತವೆ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಈ ಪ್ರೋಟೀನ್‌ಗಳಾದರೋ ಪ್ರಾಣಿಗಳಲ್ಲೂ ಸಸ್ಯಗಳಲ್ಲೂ ಕೋಟ್ಯಂತರ ವರ್ಷಗಳಿಂದ ಕೆಲಸ ಮಾಡುತ್ತಿವೆ. ಹಾಗಿದ್ದರೂ ಟೈಫಾಯ್ಡ್, ಆಮಶಂಕೆ, ನ್ಯುಮೋನಿಯಾ, ಪ್ಲೇಗುಗಳ ಬ್ಯಾಕ್ಟೀರಿಯಾಗಳು ದೇಹ ಹೊಕ್ಕು ಬೆಳೆಯುತ್ತವೆ. ಅಷ್ಟೇ ದೀರ್ಘ ಕಾಲದಿಂದ ಅವೂ ಈ ಕಾವಲನ್ನು ದಾಟುವ ದಾರಿಗಳನ್ನು ರೂಢಿಸಿಕೊಂಡಿರುವುದೇ ಇದಕ್ಕೆ ಕಾರಣ.

ಆಂಟಿಬಯೋಟಿಕ್‌ಗಳಿಗೆ ಬ್ಯಾಕ್ಟೀರಿಯಾ ಬಗ್ಗುತ್ತಿಲ್ಲ ಎಂಬ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ನಮ್ಮದೇ ದೇಹದ ಪ್ರೋಟೀನ್‌ಗಳಿಗೆ ಅವು ಒಡ್ಡುವ ಪ್ರತಿರೋಧ ಅದಕ್ಕಿಂತ ಎಷ್ಟೋ ಹಳೆಯದು. ಈ ಎರಡೂ ಪ್ರತಿರೋಧಗಳು ಒಂದೆಡೆ ಕೂಡುವ ಜಾಗವೂ ಒಂದಿದೆ, ಅಪಾಯ ಇರುವುದು ಅಲ್ಲೇ. ಮಹಾರಾಷ್ಟ್ರದ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಸೀಮೆಗಳ ಪ್ಲೇಗಿನ ಚರಿತ್ರೆ, ಬೆಂಗಳೂರಿನ ಪ್ರಯೋಗಾಲಯದ ಒಂದು ಸಂಶೋಧನೆ, ಕೋಳಿ ಫಾರ್ಮುಗಳಲ್ಲಿ ಬಳಕೆಯಾದ ಒಂದು ಔಷಧ – ಇವುಗಳ ಮೂಲಕ ಈ ವಿಷಯವನ್ನು ಇಲ್ಲಿ ಪರಿಚಯಿಸಲಾಗಿದೆ.

ಕಾವಲು ಪ್ರೋಟೀನ್‌ಗಳು ಯಾವುವು?

ಮೊದಲು ಪತ್ತೆಯಾದದ್ದು ಲೈಸೋಜೈಮ್. ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ 1921ರಲ್ಲಿ ನೆಗಡಿಯಾಗಿದ್ದಾಗ ತನ್ನದೇ ಮೂಗಿನ ಲೋಳೆಯನ್ನು ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಹಾಕಿ ನೋಡಿದರು. ಲೋಳೆಯ ಸುತ್ತಲಿನ ಬ್ಯಾಕ್ಟೀರಿಯಾಗಳು ಕರಗಿಹೋದವು. ಮರುವರ್ಷ ಪ್ರಕಟವಾದ ಈ ಶೋಧ ಪೆನಿಸಿಲಿನ್‌ಗಿಂತ ಮೊದಲಿನದು. ಕಣ್ಣೀರು, ಜೊಲ್ಲು ಮತ್ತು ಕೋಳಿಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಹೇರಳವಾಗಿದೆ. ಕೋಳಿಮೊಟ್ಟೆಯ ಲೈಸೋಜೈಮ್ 129 ಅಮೈನೋ ಆಮ್ಲಗಳ ಸರಪಳಿ. ಕ್ಷ-ಕಿರಣಗಳ ನೆರವಿನಿಂದ ಮೂರು ಆಯಾಮದ ರಚನೆ ತಿಳಿದ ಮೊದಲ ಕಿಣ್ವವೂ ಇದೇ. ಆ ಕೆಲಸ ಪೂರ್ಣಗೊಂಡದ್ದು 1965ರಲ್ಲಿ.

ಲೈಸೋಜೈಮ್‌ಗಿಂತ ಚಿಕ್ಕವು ಪೆಪ್ಟೈಡ್‌ಗಳು. ಸಾಮಾನ್ಯವಾಗಿ 10ರಿಂದ 50 ಅಮೈನೋ ಆಮ್ಲಗಳಷ್ಟು ಉದ್ದದ ಈ ತುಣುಕುಗಳು ಜೀವಜಗತ್ತಿನ ಎಲ್ಲೆಡೆ ಇವೆ. ಸ್ವೀಡನ್ನಿನ ಹನ್ಸ್ ಬೋಮನ್ 1981ರಲ್ಲಿ ರೇಷ್ಮೆಪತಂಗದ ಜಾತಿಯೊಂದರಿಂದ ಸೆಕ್ರೋಪಿನ್‌ಗಳನ್ನು ಬೇರ್ಪಡಿಸಿದರು. 1985ರಲ್ಲಿ ಅಮೆರಿಕದ ರಾಬರ್ಟ್ ಲೆಹ್ರರ್ ಮತ್ತು ಟೊಮಾಸ್ ಗಾಂಜ್ ಮನುಷ್ಯರ ಬಿಳಿ ರಕ್ತಕಣಗಳ ಡಿಫೆನ್ಸಿನ್‌ಗಳನ್ನು ವಿವರಿಸಿದರು. 1987ರಲ್ಲಿ ಮೈಕೆಲ್ ಝಾಸ್ಲಾಫ್ ಆಫ್ರಿಕದ ಕಪ್ಪೆಯ ಚರ್ಮದಲ್ಲಿ ಮಗೈನಿನ್‌ಗಳನ್ನು ಕಂಡರು. ಮನುಷ್ಯರಲ್ಲಿ ಕ್ಯಾಥೆಲಿಸಿಡಿನ್ ಗುಂಪಿನ ಪೆಪ್ಟೈಡ್ ಒಂದೇ ಒಂದಿದೆ. 37 ಅಮೈನೋ ಆಮ್ಲಗಳುಳ್ಳ ಅದರ ಹೆಸರು ಎಲ್‌ಎಲ್-37. ಬೆವರಿನಲ್ಲಿ ಡರ್ಮ್‌ಸಿಡಿನ್, ಜೊಲ್ಲಿನಲ್ಲಿ ಹಿಸ್ಟಾಟಿನ್‌ಗಳಿವೆ.

ಮೂರನೆಯ ಗುಂಪು ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಉಪವಾಸ ಕೆಡಹುವಂಥದು. ಹೆರಿಗೆಯ ನಂತರದ ಮೊದಲ ದಿನಗಳ ತಾಯಿಹಾಲಿನಲ್ಲಿ ಲೀಟರಿಗೆ ಹಲವು ಗ್ರಾಂ ಇರುವ ಲ್ಯಾಕ್ಟೋಫೆರಿನ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಬಿಳಿ ರಕ್ತಕಣಗಳ ಕ್ಯಾಲ್‌ಪ್ರೊಟೆಕ್ಟಿನ್ ಸತು ಮತ್ತು ಮ್ಯಾಂಗನೀಸನ್ನು ಕಸಿದುಕೊಳ್ಳುತ್ತದೆ. ಈ ಲೋಹಗಳಿಲ್ಲದೆ ಬಹುತೇಕ ಬ್ಯಾಕ್ಟೀರಿಯಾಗಳು ಬೆಳೆಯಲಾರವು.

ಈ ಪ್ರೋಟೀನ್‌ಗಳ ಬೆಲೆ ತಿಳಿಯುವುದು ಅವುಗಳ ಕೊರತೆಯಾದಾಗ. ಕಾಸ್ಟ್‌ಮನ್ ಕಾಯಿಲೆ ಎಂಬ ಅಪರೂಪದ ಹುಟ್ಟುದೋಷದವರಿಗೆ ಚಿಕಿತ್ಸೆ ಕೊಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ಹೆಚ್ಚಿಸಬಹುದು, ಆದರೆ ಆ ಕಣಗಳಲ್ಲಿ ಎಲ್‌ಎಲ್-37 ಇರುವುದಿಲ್ಲ. ಅವರನ್ನು ತೀವ್ರವಾದ ವಸಡಿನ ರೋಗ ಕಾಡುತ್ತಲೇ ಇರುತ್ತದೆ. ಎಕ್ಸಿಮಾ ಇರುವವರ ಚರ್ಮದಲ್ಲಿ ಎಲ್‌ಎಲ್-37 ಮತ್ತು ಡಿಫೆನ್ಸಿನ್ ಸೋರಿಯಾಸಿಸ್ ಇರುವವರಿಗಿಂತ ಕಡಿಮೆ. ಎಕ್ಸಿಮಾದ ಚರ್ಮ ಸ್ಟಫಿಲೋಕಾಕಸ್ ಸೋಂಕಿಗೆ ಸುಲಭವಾಗಿ ತುತ್ತಾಗುವುದಕ್ಕೆ ಇದೂ ಒಂದು ಕಾರಣ.

ಕೊಲ್ಲುವ ಬಗೆ

ಪೆಪ್ಟೈಡ್‌ಗಳ ಬಲವಿರುವುದು ವಿದ್ಯುದಾವೇಶದಲ್ಲಿ. ಇವುಗಳಲ್ಲಿ ಹೆಚ್ಚಿನವು ಧನಾವೇಶ ಹೊತ್ತಿವೆ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಫಾಸ್ಫೇಟ್‌ಗಳು ತುಂಬಿರುವುದರಿಂದ ಅದು ಋಣಾವೇಶದ್ದು. ನಮ್ಮ ಜೀವಕೋಶಗಳ ಹೊರಪದರ ಹೆಚ್ಚುಕಡಿಮೆ ತಟಸ್ಥ, ಜೊತೆಗೆ ಅದರಲ್ಲಿ ಕೊಲೆಸ್ಟೆರಾಲ್ ಇದೆ. ಹಾಗಾಗಿ ಪೆಪ್ಟೈಡ್‌ಗಳು ನಮ್ಮ ಕೋಶಗಳನ್ನು ಬಹುಮಟ್ಟಿಗೆ ಬಿಟ್ಟು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳುತ್ತವೆ. ಅಂಟಿದ ಮೇಲೆ ಅವುಗಳ ಜಿಡ್ಡಿನ ಮಗ್ಗುಲು ಪೊರೆಯೊಳಗೆ ಇಳಿಯುತ್ತದೆ. ಹಲವು ಪೆಪ್ಟೈಡ್‌ಗಳು ಒಟ್ಟುಗೂಡಿ ರಂಧ್ರ ಕೊರೆಯುತ್ತವೆ, ಇಲ್ಲವೇ ಪೊರೆಯನ್ನೇ ಚಿಂದಿ ಮಾಡುತ್ತವೆ. ಕೆಲವು ಒಳಕ್ಕೆ ಹೋಗಿ ಡಿಎನ್‌ಎ, ಪ್ರೋಟೀನ್ ತಯಾರಿಕೆ ಅಥವಾ ಕೋಶಭಿತ್ತಿ ಕಟ್ಟುವ ಕೆಲಸವನ್ನು ಕೆಡಿಸುತ್ತವೆ.

ಲೈಸೋಜೈಮ್ ಕಿಣ್ವ. ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಹೆಣೆದಿರುವ ಸಕ್ಕರೆಯ ಎಳೆಗಳನ್ನು ಅದು ಕತ್ತರಿಸುತ್ತದೆ. ಭಿತ್ತಿ ಸಡಿಲವಾದ ಕೋಶ ನೀರು ಹೀರಿ ಉಬ್ಬಿ ಒಡೆಯುತ್ತದೆ. ಆದರೆ ಗ್ರಾಂ-ಋಣ ಬ್ಯಾಕ್ಟೀರಿಯಾಗಳಿಗೆ ಆ ಭಿತ್ತಿಯ ಹೊರಗೆ ಇನ್ನೊಂದು ಪೊರೆಯಿದೆ, ಅದನ್ನು ಲೈಸೋಜೈಮ್ ಒಂದೇ ದಾಟುವುದು ಕಷ್ಟ. ಇದನ್ನು ದ್ರಾಕ್ಷಿ ಸೀಮೆಯ ಉದಾಹರಣೆಯಿಂದ ನೋಡಬಹುದು. ನಾಸಿಕ ಭಾರತದ ವೈನ್ ತಯಾರಿಕೆಯ ಮುಖ್ಯ ಕೇಂದ್ರ. ವೈನನ್ನು ಕೆಡಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳನ್ನು ತಡೆಯಲು ಕೋಳಿಮೊಟ್ಟೆಯ ಲೈಸೋಜೈಮನ್ನು ಲೀಟರಿಗೆ 500 ಮಿಲಿಗ್ರಾಂ ಮೀರದಂತೆ ಬಳಸಲು ಅಂತಾರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆ ಒಪ್ಪಿಗೆ ಕೊಟ್ಟಿದೆ. ವೈನನ್ನು ವಿನೆಗರ್ ಮಾಡುವ ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಗ್ರಾಂ-ಋಣ ಜಾತಿಯವು. ಅವುಗಳ ಮೇಲೆ ಈ ಲೈಸೋಜೈಮ್ ನಡೆಯುವುದಿಲ್ಲ.

ಪ್ಲೇಗಿನ ಬ್ಯಾಕ್ಟೀರಿಯಾ: ಎರಡು ದೇಹ, ಎರಡು ವೇಷ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ವೈದ್ಯ ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಮುಂದಿನ ವರ್ಷಗಳಲ್ಲಿ ಅದು ನಾಸಿಕ ಜಿಲ್ಲೆಗೂ ಹರಡಿತು. ವಿ. ದಾ. ಸಾವರ್ಕರ್ ಅವರ ತಂದೆ ದಾಮೋದರಪಂತರು 1899ರಲ್ಲಿ ನಾಸಿಕದ ಹತ್ತಿರದ ಭಗೂರಿನಲ್ಲಿ ಸತ್ತದ್ದು ಪ್ಲೇಗಿನಿಂದಲೇ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ಖಾಲಿ ಮಾಡಿಸಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿ. ಪ್ಲೇಗ್ ಮಾರಮ್ಮನ ಗುಡಿಗಳು ಹುಟ್ಟಿದ್ದೂ ಆಗಲೇ.

ಸುಮಾರು ನೂರು ವರ್ಷದ ನಂತರ, 1994ರ ಆಗಸ್ಟ್–ಸೆಪ್ಟೆಂಬರಿನಲ್ಲಿ, ಅದೇ ರೋಗ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಗಡ್ಡೆ ಪ್ಲೇಗಿನ ರೂಪದಲ್ಲಿ ಕಾಣಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್ತಿನಲ್ಲಿ ಶ್ವಾಸಕೋಶದ ಪ್ಲೇಗು ತಲೆದೋರಿ ಲಕ್ಷಾಂತರ ಜನ ಊರು ಬಿಟ್ಟರು. ಬೀಡ್ ಈಗಿನ ಛತ್ರಪತಿ ಸಂಭಾಜಿನಗರ ವಿಭಾಗದ ಜಿಲ್ಲೆ.

ಪ್ಲೇಗ್ ತರುವ ಯೆರ್ಸಿನಿಯಾ ಪೆಸ್ಟಿಸ್ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದರು. ಇಲಿಯಿಂದ ಮನುಷ್ಯರಿಗೆ ಅದನ್ನು ದಾಟಿಸುವುದು ಚಿಗಟ ಎಂದು ಪಾಲ್-ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ತೋರಿಸಿದರು. ಹೀಗೆ ಈ ಬ್ಯಾಕ್ಟೀರಿಯಾ ಎರಡು ಬಗೆಯ ದೇಹಗಳಲ್ಲಿ ಬಾಳಬೇಕು. ಚಿಗಟದ ಮೈ ಸುತ್ತಲಿನ ಹವೆಯಷ್ಟೇ ತಣ್ಣಗಿರುತ್ತದೆ. ಇಲಿ ಮತ್ತು ಮನುಷ್ಯರ ಮೈ 37 ಡಿಗ್ರಿಯ ಆಸುಪಾಸಿನದು. ಎರಡರಲ್ಲೂ ಕೊಲ್ಲುವ ಪೆಪ್ಟೈಡ್‌ಗಳಿವೆ.

ಚಿಗಟದೊಳಗೆ ಬ್ಯಾಕ್ಟೀರಿಯಾ ತನ್ನ ಹೊರಪೊರೆಯ ಲಿಪಿಡ್-ಎ ಎಂಬ ಭಾಗಕ್ಕೆ ಅಮೈನೋ ಅರಾಬಿನೋಸ್ ಎಂಬ ಸಕ್ಕರೆಯನ್ನು ಜೋಡಿಸಿಕೊಳ್ಳುತ್ತದೆ. ಆ ಸಕ್ಕರೆ ಧನಾವೇಶದ್ದಾದ್ದರಿಂದ ಹೊರಮೈಯ ಋಣಾವೇಶ ತಗ್ಗುತ್ತದೆ, ಪೆಪ್ಟೈಡ್‌ಗಳಿಗೆ ಹಿಡಿತ ಸಿಗುವುದಿಲ್ಲ. ಈ ಮಾರ್ಪಾಟನ್ನು ನಡೆಸುವುದು ಫೋಪಿ-ಫೋಕ್ಯೂ ಎಂಬ ಜೋಡಿ ಪ್ರೋಟೀನ್‌ಗಳ ಸುಳಿವು ವ್ಯವಸ್ಥೆ. ಅದನ್ನು ತೆಗೆದುಹಾಕಿದ ತಳಿಗಳು ಚಿಗಟದ ಕರುಳಿನಲ್ಲಿ ಸರಿಯಾಗಿ ನೆಲೆಯೂರಲಾರವು. ಸುಮಾರು 25 ಡಿಗ್ರಿಯಲ್ಲಿ ಬೆಳೆಸಿದ ಪ್ಲೇಗ್ ಬ್ಯಾಕ್ಟೀರಿಯಾ ಪಾಲಿಮಿಕ್ಸಿನ್ ಎಂಬ ಪೆಪ್ಟೈಡ್ ಔಷಧಕ್ಕೂ ಸುಲಭವಾಗಿ ಬಗ್ಗುವುದಿಲ್ಲ. 37 ಡಿಗ್ರಿಯಲ್ಲಿ ಬೆಳೆಸಿದರೆ ಆ ಪ್ರತಿರೋಧ ಇಳಿಯುತ್ತದೆ.

ಮನುಷ್ಯರ ಮೈಯ ಕಾವಿನಲ್ಲಿ ವೇಷ ಬದಲಾಗುತ್ತದೆ. ಲಿಪಿಡ್-ಎಯಲ್ಲಿ ಆರಿದ್ದ ಕೊಬ್ಬಿನ ಸರಪಳಿಗಳು ನಾಲ್ಕಾಗುತ್ತವೆ. ಈ ಬೋಳು ರೂಪವನ್ನು ನಮ್ಮ ರೋಗನಿರೋಧಕ ಕೋಶಗಳ ಗ್ರಾಹಕಗಳು ಚೆನ್ನಾಗಿ ಗುರುತಿಸಲಾರವು. 2006ರಲ್ಲಿ ವಿಜ್ಞಾನಿಗಳು ಪ್ಲೇಗ್ ಬ್ಯಾಕ್ಟೀರಿಯಾಕ್ಕೆ ಅದು ಕಳೆದುಕೊಂಡಿದ್ದ ಒಂದು ಕಿಣ್ವವನ್ನು ಇ. ಕೋಲೈಯಿಂದ ತಂದು ಸೇರಿಸಿದರು. ಕೊಬ್ಬಿನ ಸರಪಳಿಗಳು ಮತ್ತೆ ಆರಾದವು, ದೇಹ ಬ್ಯಾಕ್ಟೀರಿಯಾವನ್ನು ಗುರುತಿಸಿತು, ಪ್ರಯೋಗದ ಇಲಿಗಳು ಬದುಕಿದವು. ಇದೇ ಕಾವಿನಲ್ಲಿ ಎಫ್1 ಎಂಬ ಕವಚ ಬೆಳೆಯುತ್ತದೆ. ಹೊರಪೊರೆಯಲ್ಲಿರುವ ಪ್ಲಾ ಎಂಬ ಕಿಣ್ವ ಎಲ್‌ಎಲ್-37ನ್ನು ತುಂಡರಿಸುತ್ತದೆ ಎಂದು 2008ರ ಅಧ್ಯಯನವೊಂದು ತೋರಿಸಿತು. ಈ ಎಲ್ಲ ಸಾಮರ್ಥ್ಯಗಳೂ ಯಾವ ಆಂಟಿಬಯೋಟಿಕ್ಕೂ ಬಳಕೆಗೆ ಬರುವ ಮೊದಲೇ ಅದಕ್ಕಿದ್ದವು. ಆದರೂ ಸ್ಟ್ರೆಪ್ಟೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಗಳನ್ನು ಬೇಗ ಕೊಟ್ಟರೆ ಪ್ಲೇಗು ವಾಸಿಯಾಗುತ್ತದೆ. ದೇಹದ ಪ್ರೋಟೀನ್‌ಗಳನ್ನು ಮಣಿಸುವ ಉಪಾಯಗಳು ಈ ಔಷಧಗಳ ಮುಂದೆ ನಡೆಯುವುದಿಲ್ಲ.

ಪ್ರತಿರೋಧದ ದಾರಿಗಳು

ಬೇರೆ ಬೇರೆ ಬ್ಯಾಕ್ಟೀರಿಯಾಗಳು ಹಿಡಿದಿರುವ ದಾರಿಗಳನ್ನು ಏಳು ಬಗೆಯಾಗಿ ನೋಡಬಹುದು. ಒಂದೇ ಬ್ಯಾಕ್ಟೀರಿಯಾ ಇವುಗಳಲ್ಲಿ ಮೂರು ನಾಲ್ಕನ್ನು ಒಟ್ಟಿಗೆ ಬಳಸುವುದು ಸಾಮಾನ್ಯ.

*1. ಹೊರಮೈಯ ಆವೇಶ ಬದಲಿಸುವುದು.* ಇದು ಎಲ್ಲಕ್ಕಿಂತ ವ್ಯಾಪಕವಾದ ದಾರಿ. ಗಾಯ, ಕುರು, ಆಸ್ಪತ್ರೆ ಸೋಂಕುಗಳಿಗೆ ಕಾರಣವಾಗುವ ಸ್ಟಫಿಲೋಕಾಕಸ್ ಆರಿಯಸ್ ತನ್ನ ಕೋಶಭಿತ್ತಿಯ ಟೈಕೋಯಿಕ್ ಆಮ್ಲಗಳಿಗೆ ಅಲನೀನ್ ಎಂಬ ಅಮೈನೋ ಆಮ್ಲವನ್ನು ಅಂಟಿಸುತ್ತದೆ. ಜರ್ಮನಿಯ ಆಂಡ್ರಿಯಾಸ್ ಪೆಶೆಲ್ ಮತ್ತು ಸಂಗಡಿಗರು 1999ರಲ್ಲಿ ಇದಕ್ಕೆ ಕಾರಣವಾದ ಡಿಎಲ್‌ಟಿ ವಂಶವಾಹಿಗಳನ್ನು ಕೆಡಿಸಿ ನೋಡಿದಾಗ ಬ್ಯಾಕ್ಟೀರಿಯಾ ಡಿಫೆನ್ಸಿನ್‌ಗಳಿಗೆ ಸುಲಭವಾಗಿ ಬಲಿಯಾಯಿತು. ಎಂಪಿಆರ್‌ಎಫ್ ಎಂಬ ಇನ್ನೊಂದು ಪ್ರೋಟೀನ್ ಪೊರೆಯ ಕೊಬ್ಬಿಗೆ ಲೈಸಿನ್ ಸೇರಿಸಿ ಇದೇ ಕೆಲಸ ಮಾಡುತ್ತದೆ. ಇದೇ ಎಂಪಿಆರ್‌ಎಫ್‌ನಲ್ಲಿ ರೂಪಾಂತರವಾದರೆ ಡ್ಯಾಪ್ಟೊಮೈಸಿನ್ ಎಂಬ ಕೊನೆಯ ಹಂತದ ಔಷಧವೂ ನಾಟದೆ ಹೋಗಬಹುದು. ಗ್ರಾಂ-ಋಣ ಬ್ಯಾಕ್ಟೀರಿಯಾಗಳು ಅಮೈನೋ ಅರಾಬಿನೋಸ್ ಇಲ್ಲವೇ ಫಾಸ್ಫೊಎಥನಾಲಮೀನನ್ನು ಲಿಪಿಡ್-ಎಗೆ ಸೇರಿಸುತ್ತವೆ.

*2. ಕತ್ತರಿಸಿ ಹಾಕುವುದು.* ಸ್ಟಫಿಲೋಕಾಕಸ್‌ನ ಆರಿಯೋಲೈಸಿನ್, ಸ್ಯೂಡೋಮೊನಾಸ್‌ನ ಇಲಾಸ್ಟೇಸ್, ಇ. ಕೋಲೈಯ ಆಂಪ್‌ಟಿ, ಟೈಫಾಯ್ಡ್ ತರುವ ಗುಂಪಿನ ಸಾಲ್ಮೊನೆಲ್ಲಾದ ಪಿಜಿಟಿಇ ಇವೆಲ್ಲ ಪೆಪ್ಟೈಡ್‌ಗಳನ್ನು ತುಂಡರಿಸುವ ಕಿಣ್ವಗಳು. ಪ್ಲೇಗಿನ ಪ್ಲಾ ಕೂಡ ಆಂಪ್‌ಟಿ, ಪಿಜಿಟಿಇಗಳ ಬಳಗದ್ದೇ. ಡಿಫೆನ್ಸಿನ್‌ಗಳ ಮೂರು ಗಂಧಕದ ಬಂಧಗಳು ಅವುಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಅವನ್ನು ಕತ್ತರಿಸುವುದು ಎಲ್‌ಎಲ್-37ನ್ನು ಕತ್ತರಿಸಿದಷ್ಟು ಸುಲಭವಲ್ಲ.

*3. ಲೈಸೋಜೈಮ್‌ನಿಂದ ತಪ್ಪಿಸಿಕೊಳ್ಳುವುದು.* ಸ್ಟಫಿಲೋಕಾಕಸ್ ಆರಿಯಸ್ ತನ್ನ ಭಿತ್ತಿಯ ಸಕ್ಕರೆಗೆ ಅಸಿಟೈಲ್ ಗುಂಪನ್ನು ಸೇರಿಸುತ್ತದೆ. ಓಟ್‌ಎ ಎಂಬ ಕಿಣ್ವ ಈ ಕೆಲಸ ಮಾಡುತ್ತದೆಂದು 2005ರಲ್ಲಿ ತಿಳಿಯಿತು. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಇದಕ್ಕೆ ತಿರುಗುಮುರುಗಾದ ದಾರಿ ಹಿಡಿದಿದೆ. ಪಿಜಿಡಿಎ ಎಂಬ ಕಿಣ್ವದಿಂದ ಸಕ್ಕರೆಯ ಅಸಿಟೈಲನ್ನು ಕಿತ್ತುಹಾಕುತ್ತದೆ. ಎರಡರಲ್ಲೂ ಲೈಸೋಜೈಮ್‌ಗೆ ಹಿಡಿಯಬೇಕಾದ ಜಾಗ ಸಿಗದು. ಇ. ಕೋಲೈ ಐವಿ ಎಂಬ ಪ್ರೋಟೀನನ್ನು ತಯಾರಿಸಿ ಲೈಸೋಜೈಮ್‌ನ ಕತ್ತರಿಸುವ ಭಾಗವನ್ನೇ ಮುಚ್ಚಿಬಿಡುತ್ತದೆ.

*4. ಹೊರಗೇ ಸಿಕ್ಕಿಸಿಡುವುದು.* ಕ್ಲೆಬ್ಸಿಯೆಲ್ಲಾದ ಕವಚದ ಸಕ್ಕರೆಗಳು ಪೆಪ್ಟೈಡ್‌ಗಳನ್ನು ಪೊರೆ ಮುಟ್ಟುವ ಮೊದಲೇ ಹಿಡಿದುಕೊಳ್ಳುತ್ತವೆ. ಸ್ಟಫಿಲೋಕೈನೇಸ್ ಎಂಬ ಪ್ರೋಟೀನ್ ಡಿಫೆನ್ಸಿನ್‌ಗಳಿಗೆ ಅಂಟಿಕೊಂಡು ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಗಂಟಲುನೋವಿನ ಸ್ಟ್ರೆಪ್ಟೊಕಾಕಸ್‌ನ ಎಂ1 ಪ್ರೋಟೀನ್ ಎಲ್‌ಎಲ್-37ನ್ನು ಬಂಧಿಸುತ್ತದೆ. ಲೋಳೆಯಂಥ ಜೈವಿಕ ಪದರದೊಳಗೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೂ ಇದೇ ರಕ್ಷಣೆ. ಕ್ಯಾಥೆಟರ್ ಮತ್ತು ಕೃತಕ ಕೀಲುಗಳ ಸೋಂಕು ವಾಸಿಯಾಗಲು ಹಟ ಹಿಡಿಯುವುದಕ್ಕೆ ಈ ಪದರ ಮುಖ್ಯ ಕಾರಣ.

*5. ಹೊರದಬ್ಬುವುದು.* ಗೊನೋರಿಯಾ ಬ್ಯಾಕ್ಟೀರಿಯಾದ ಪೊರೆಯಲ್ಲಿ ಎಂಟಿಆರ್ ಎಂಬ ಪಂಪ್ ಇದೆ. ಒಳನುಗ್ಗಿದ ಎಲ್‌ಎಲ್-37ನ್ನು ಅದು ಹೊರಗೆಸೆಯುತ್ತದೆ. ಅದೇ ಪಂಪ್ ಕೆಲವು ಆಂಟಿಬಯೋಟಿಕ್‌ಗಳನ್ನೂ ಹೊರಹಾಕುತ್ತದೆ.

*6. ತಯಾರಿಕೆಯನ್ನೇ ನಿಲ್ಲಿಸುವುದು.* ರಕ್ತಭೇದಿ ತರುವ ಶಿಗೆಲ್ಲಾ ಈ ದಾರಿಯಲ್ಲಿ ನಿಪುಣ. ಢಾಕಾದ ಅತಿಸಾರ ಸಂಶೋಧನಾ ಕೇಂದ್ರದ ರೋಗಿಗಳ ಕರುಳಿನ ಮಾದರಿಗಳನ್ನು ಪರೀಕ್ಷಿಸಿದ ಬಾಂಗ್ಲಾದೇಶ–ಸ್ವೀಡನ್ ತಂಡ 2001ರಲ್ಲಿ ಒಂದು ಅಚ್ಚರಿ ಪ್ರಕಟಿಸಿತು: ಸೋಂಕಿನ ಆರಂಭದಲ್ಲಿಯೇ ಕರುಳಿನ ಗೋಡೆ ಎಲ್‌ಎಲ್-37 ತಯಾರಿಸುವುದನ್ನು ಕಡಿಮೆ ಮಾಡಿತ್ತು. ಬ್ಯೂಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲ ಈ ತಯಾರಿಕೆಯನ್ನು ಮತ್ತೆ ಚಾಲೂ ಮಾಡುತ್ತದೆ ಎಂದು 2006ರಲ್ಲಿ ಮೊಲಗಳ ಮೇಲಿನ ಪ್ರಯೋಗ ತೋರಿಸಿತು. ನಾರಿನಂಶವನ್ನು ಹುದುಗಿಸುವ ನಮ್ಮ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸಹಜವಾಗಿ ಬ್ಯೂಟಿರೇಟ್ ಉತ್ಪಾದಿಸುತ್ತವೆ.

*7. ಲೋಹಕ್ಕಾಗಿ ಸೆಣಸಾಟ.* ಮಿದುಳುಪೊರೆಯ ಉರಿಯೂತ ತರುವ ಮೆನಿಂಜೊಕಾಕಸ್ ನಮ್ಮ ಲ್ಯಾಕ್ಟೋಫೆರಿನ್ ಮತ್ತು ಟ್ರಾನ್ಸ್‌ಫೆರಿನ್‌ಗಳನ್ನು ನೇರವಾಗಿ ಹಿಡಿದು ಕಬ್ಬಿಣವನ್ನು ಕಸಿಯುತ್ತದೆ. ಕಬ್ಬಿಣ ಬಾಚಲು ಬ್ಯಾಕ್ಟೀರಿಯಾಗಳು ಹೊರಬಿಡುವ ಅಣುವನ್ನು ನಮ್ಮ ಲಿಪೋಕ್ಯಾಲಿನ್-2 ಪ್ರೋಟೀನ್ ಬಂಧಿಸುತ್ತದೆ. ಸಾಲ್ಮೊನೆಲ್ಲಾ ಆ ಅಣುವಿಗೆ ಸಕ್ಕರೆ ಮೆತ್ತಿ ಲಿಪೋಕ್ಯಾಲಿನ್ ಗುರುತಿಸದಂತೆ ಮಾಡಿದೆ.

ಸುಳಿವು ಹಿಡಿಯುವ ಬ್ಯಾಕ್ಟೀರಿಯಾ

ಈ ಎಲ್ಲ ಉಪಾಯಗಳಿಗೂ ಖರ್ಚಿದೆ. ಆವೇಶ ಬದಲಿಸಲು, ಕಿಣ್ವ ತಯಾರಿಸಲು, ಪಂಪ್ ನಡೆಸಲು ಶಕ್ತಿ ಬೇಕು. ಆದ್ದರಿಂದ ಬಹಳಷ್ಟು ಬ್ಯಾಕ್ಟೀರಿಯಾಗಳು ಅಪಾಯದ ಸುಳಿವು ಸಿಕ್ಕಾಗ ಮಾತ್ರ ಇವನ್ನು ಹೊರತೆಗೆಯುತ್ತವೆ. ಪ್ಲೇಗಿನ ಸಂದರ್ಭದಲ್ಲಿ ನೋಡಿದ ಫೋಪಿ-ಫೋಕ್ಯೂ ಸಾಲ್ಮೊನೆಲ್ಲಾದಲ್ಲೂ ಇದೆ. ಫೋಕ್ಯೂ ಪೊರೆಯಲ್ಲಿ ಕುಳಿತು ಮೆಗ್ನೀಷಿಯಂ ಕೊರತೆ, ಆಮ್ಲೀಯತೆ ಮತ್ತು ಪೆಪ್ಟೈಡ್‌ಗಳ ಇರವನ್ನು ಗ್ರಹಿಸುತ್ತದೆ. ರೋಗನಿರೋಧಕ ಕೋಶವೊಂದು ಬ್ಯಾಕ್ಟೀರಿಯಾವನ್ನು ನುಂಗಿದಾಗ ಒಳಗಿರುವುದು ಇಂಥ ವಾತಾವರಣವೇ. ಕೂಡಲೇ ಫೋಪಿ ಹತ್ತಾರು ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಕೊಲ್ಲಲು ಬಂದ ಪೆಪ್ಟೈಡೇ ಇಲ್ಲಿ ಬ್ಯಾಕ್ಟೀರಿಯಾಕ್ಕೆ ಎಚ್ಚರಿಕೆಯಾಗುತ್ತದೆ.

ಬೆಂಗಳೂರಿನ ಸಂಶೋಧನೆ

ಸಾಲ್ಮೊನೆಲ್ಲಾದ ಕುರಿತು ಮುಖ್ಯವಾದ ಕೆಲಸವೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ದೀಪ್ಶಿಖಾ ಚಕ್ರವರ್ತಿ ಅವರ ಪ್ರಯೋಗಾಲಯದಲ್ಲಿ ಸಂದೀಪ್ ಎಂ. ಈಶ್ವರಪ್ಪ ಮತ್ತು ಸಂಗಡಿಗರು 2008ರಲ್ಲಿ ‘ಮೈಕ್ರೋಬಯಾಲಜಿ’ ಪತ್ರಿಕೆಯಲ್ಲಿ ಯೆಜ್ ಎಂಬ ನಾಲ್ಕು ವಂಶವಾಹಿಗಳ ಸಮೂಹದ ಪಾತ್ರವನ್ನು ವಿವರಿಸಿದರು. ಈ ವಂಶವಾಹಿಗಳು ಪೊರೆಯಲ್ಲಿ ಒಂದು ಸಾಗಣೆ ವ್ಯವಸ್ಥೆಯನ್ನು ಕಟ್ಟುತ್ತವೆ. ಅದರ ಒಂದು ಭಾಗವನ್ನು ಕಿತ್ತುಹಾಕಿದ ತಳಿ ಮನುಷ್ಯರ ಬೀಟಾ-ಡಿಫೆನ್ಸಿನ್‌ಗಳು, ಜೇನುನೊಣದ ವಿಷದ ಮೆಲಿಟಿನ್, ಪ್ರೋಟಮೀನ್, ಪಾಲಿಮಿಕ್ಸಿನ್-ಬಿ ಇವೆಲ್ಲಕ್ಕೂ ದುರ್ಬಲವಾಯಿತು. ಬ್ಯಾಕ್ಟೀರಿಯಾ ನುಂಗುವ, ಚುರುಕುಗೊಂಡ ಮ್ಯಾಕ್ರೋಫೇಜ್ ಕೋಶಗಳೊಳಗೆ ಅದು ಉಳಿಯುವ ಸಾಮರ್ಥ್ಯವೂ ಕುಗ್ಗಿತು.

ಇಂಥ ಸಾಗಣೆ ವ್ಯವಸ್ಥೆಗಳು ಪೆಪ್ಟೈಡನ್ನು ಒಳಕ್ಕೆಳೆದುಕೊಂಡು ಅಲ್ಲಿನ ಕಿಣ್ವಗಳಿಂದ ತುಂಡರಿಸುತ್ತವೆ ಎಂದು ಭಾವಿಸಲಾಗಿದೆ. ಗೊನೋರಿಯಾದ ಪಂಪ್ ಹೊರದಬ್ಬಿದರೆ ಇದು ಒಳಗೆಳೆದು ಅರಗಿಸಿಕೊಳ್ಳುತ್ತದೆ. ಈ ಅಧ್ಯಯನದಿಂದ ಸಿಗುವ ಸೂಚನೆ ಚಿಕಿತ್ಸೆಗೂ ಉಪಯುಕ್ತ: ಬ್ಯಾಕ್ಟೀರಿಯಾವನ್ನು ಔಷಧದಿಂದ ನೇರವಾಗಿ ಕೊಲ್ಲದೆ ಅದರ ರಕ್ಷಣೆಯನ್ನಷ್ಟೇ ಕಳಚಿದರೂ ಉಳಿದ ಕೆಲಸವನ್ನು ದೇಹವೇ ಮಾಡಬಲ್ಲದು.

ಪೆಪ್ಟೈಡ್‌ಗಳ ರಚನೆ ಮತ್ತು ಕೊಲ್ಲುವ ಕ್ರಮದ ಕುರಿತು ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ಆರ್. ನಾಗರಾಜ್ ಅವರ ತಂಡ ದೀರ್ಘಕಾಲ ಕೆಲಸ ಮಾಡಿದೆ. ಪಶ್ಚಿಮ ಘಟ್ಟದ ಕಪ್ಪೆಗಳ ಚರ್ಮದ ಪೆಪ್ಟೈಡ್‌ಗಳನ್ನು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಅಧ್ಯಯನ ಮಾಡಿದೆ. ಅಂಥ ಒಂದು ಕಪ್ಪೆಯಿಂದ ದೊರೆತ ಉರುಮಿನ್ ಎಂಬ ಪೆಪ್ಟೈಡ್ ಫ್ಲೂ ವೈರಸ್ಸಿನ ಎಚ್1 ಬಗೆಗಳನ್ನು ನಾಶ ಮಾಡುತ್ತದೆಂದು 2017ರಲ್ಲಿ ವರದಿಯಾಯಿತು.

ದೇಹ ಸೋಲದಿರುವುದೇಕೆ?

ಇಷ್ಟೆಲ್ಲ ಉಪಾಯಗಳಿದ್ದರೂ ಬಹುಪಾಲು ಬ್ಯಾಕ್ಟೀರಿಯಾಗಳು ನಮ್ಮನ್ನು ಏನೂ ಮಾಡಲಾರವು. ಪೆಪ್ಟೈಡ್‌ಗಳು ಗುರಿಯಿಡುವುದು ಇಡೀ ಪೊರೆಗೆ. ಆಂಟಿಬಯೋಟಿಕ್ ಒಂದರ ಗುರಿ ಒಂದೇ ಕಿಣ್ವವಾಗಿದ್ದರೆ ಒಂದೇ ರೂಪಾಂತರದಿಂದ ಬ್ಯಾಕ್ಟೀರಿಯಾ ಪಾರಾಗಬಹುದು. ಪೊರೆಯನ್ನು ಪೂರ್ತಿ ಬದಲಿಸಿಕೊಂಡು ಬದುಕುವುದು ಕಠಿಣ. ದೇಹ ಒಂದೇ ಪ್ರೋಟೀನನ್ನು ನೆಚ್ಚಿಕೊಂಡಿಲ್ಲ ಎಂಬುದು ಇನ್ನೊಂದು ಕಾರಣ. ಕಣ್ಣೀರಿನಲ್ಲಿ ಲೈಸೋಜೈಮ್, ಲ್ಯಾಕ್ಟೋಫೆರಿನ್, ಡಿಫೆನ್ಸಿನ್‌ಗಳು ಒಟ್ಟಿಗಿವೆ. ಲ್ಯಾಕ್ಟೋಫೆರಿನ್ ಗ್ರಾಂ-ಋಣ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಿಸಿದರೆ ಲೈಸೋಜೈಮ್‌ಗೆ ಒಳದಾರಿ ಸಿಗುತ್ತದೆ. ಪೆಪ್ಟೈಡ್‌ಗಳು ಕೊಲ್ಲುವುದರ ಜೊತೆಗೆ ಬಿಳಿ ರಕ್ತಕಣಗಳನ್ನು ಕರೆಯುವ, ಗಾಯ ಮಾಯಿಸುವ ಕೆಲಸಗಳನ್ನೂ ಮಾಡುತ್ತವೆ.

ಔಷಧವಾಗಿ ಪೆಪ್ಟೈಡ್: ಒಂದು ಪಂಥ

ಕಪ್ಪೆಯ ಮಗೈನಿನ್ ಮಾದರಿಯಲ್ಲಿ ರೂಪಿಸಿದ ಪೆಕ್ಸಿಗನಾನ್ ಎಂಬ ಔಷಧ ಮಧುಮೇಹಿಗಳ ಕಾಲಿನ ಹುಣ್ಣಿಗೆ ಹಚ್ಚುವ ಮುಲಾಮಾಗಿ ಪರೀಕ್ಷೆಗೆ ಬಂತು. ಆಗಲೇ ಇದ್ದ ಔಷಧಕ್ಕಿಂತ ಮೇಲು ಎಂದು ಸಾಬೀತಾಗದ ಕಾರಣ 1999ರಲ್ಲಿ ಅಮೆರಿಕದ ಔಷಧ ಆಡಳಿತ ಅದಕ್ಕೆ ಒಪ್ಪಿಗೆ ನೀಡಲಿಲ್ಲ. ಇಂಥ ಔಷಧಗಳಿಗೆ ಪ್ರತಿರೋಧ ಬೆಳೆಯುವುದು ಅಸಂಭವ ಎಂಬುದು ಝಾಸ್ಲಾಫ್ ಅವರ ನಿಲುವಾಗಿತ್ತು. ಕೆನಡಾದ ವಿಕಾಸ ವಿಜ್ಞಾನಿ ಗ್ರಹಾಂ ಬೆಲ್ ಒಪ್ಪಲಿಲ್ಲ. ದೇಹದ ಪ್ರೋಟೀನನ್ನು ಹೋಲುವ ಔಷಧ ಬಳಸಿದರೆ ಬ್ಯಾಕ್ಟೀರಿಯಾ ಔಷಧವನ್ನಲ್ಲದೆ ದೇಹವನ್ನೂ ಎದುರಿಸುವುದನ್ನು ಕಲಿತೀತು ಎಂದು ಅವರು 2003ರಲ್ಲಿ ಬರೆದರು.

ಇಬ್ಬರೂ ಸೇರಿ ಪ್ರಯೋಗ ನಡೆಸಿದರು. ಪೆಕ್ಸಿಗನಾನ್‌ನ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುತ್ತ ಇ. ಕೋಲೈ ಮತ್ತು ಸ್ಯೂಡೋಮೊನಾಸ್‌ಗಳನ್ನು 600–700 ತಲೆಮಾರು ಬೆಳೆಸಿದರು. 24 ಸಾಲುಗಳಲ್ಲಿ 22ರಲ್ಲಿ ಪ್ರತಿರೋಧ ಬೆಳೆಯಿತು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಬೆಲ್ ಅವರ ಮಾತೇ ನಿಜವಾಯಿತು. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಪೆಕ್ಸಿಗನಾನ್‌ಗೆ ಒಗ್ಗಿದ ಸ್ಟಫಿಲೋಕಾಕಸ್ ಮನುಷ್ಯರ ಡಿಫೆನ್ಸಿನ್ ಒಂದಕ್ಕೂ ಬಗ್ಗದಂತಾಗುವುದನ್ನು ತೋರಿಸಿದರು.

ಮಧುಮೇಹಿಗಳ ಕಾಲಿನ ಸೋಂಕಿಗೆ ಬೇರೆ ಜಾಡಿನ ಉತ್ತರವೊಂದು ಛತ್ರಪತಿ ಸಂಭಾಜಿನಗರದಿಂದ ಬಂದಿದೆ. ಅಲ್ಲಿನ ವೊಕಾರ್ಟ್ ಸಂಶೋಧನಾ ಕೇಂದ್ರ ಅಭಿವೃದ್ಧಿಪಡಿಸಿದ ಲೆವೊನಾಡಿಫ್ಲಾಕ್ಸಾಸಿನ್‌ಗೆ ಭಾರತದ ಔಷಧ ನಿಯಂತ್ರಕರು 2020ರಲ್ಲಿ ಅನುಮತಿ ಕೊಟ್ಟರು. ಹಲವು ಔಷಧಗಳಿಗೆ ಬಗ್ಗದ ಸ್ಟಫಿಲೋಕಾಕಸ್ ವಿರುದ್ಧದ ಈ ಔಷಧ ಡಿಎನ್‌ಎ ನಕಲಾಗುವುದನ್ನು ತಡೆಯುತ್ತದೆ. ದೇಹದ ಯಾವ ಪ್ರೋಟೀನನ್ನೂ ಅದು ಹೋಲುವುದಿಲ್ಲ. ಪ್ರತಿರೋಧ ಇದಕ್ಕೂ ಹುಟ್ಟಬಹುದು, ಆದರೆ ಡಿಫೆನ್ಸಿನ್‌ಗಳ ವಿರುದ್ಧ ಬ್ಯಾಕ್ಟೀರಿಯಾಕ್ಕೆ ತರಬೇತಿ ಕೊಡುವ ಭಯ ಇಲ್ಲಿಲ್ಲ.

ಕೊಲಿಸ್ಟಿನ್: ಎರಡು ಪ್ರತಿರೋಧಗಳು ಕೂಡುವ ಜಾಗ

ಬೆಲ್ ಹೇಳಿದ ಅಪಾಯ ಪ್ರಯೋಗಾಲಯದ ಹೊರಗೆ ಕಂಡದ್ದು ಕೊಲಿಸ್ಟಿನ್‌ನಲ್ಲಿ. ಇದು ಮಣ್ಣಿನ ಬ್ಯಾಕ್ಟೀರಿಯಾವೊಂದು ತಯಾರಿಸುವ ಪೆಪ್ಟೈಡ್, ಪಾಲಿಮಿಕ್ಸಿನ್ ಗುಂಪಿನದು. ನಮ್ಮ ಪೆಪ್ಟೈಡ್‌ಗಳಂತೆ ಧನಾವೇಶದಿಂದಲೇ ಲಿಪಿಡ್-ಎಗೆ ಅಂಟಿ ಪೊರೆ ಹರಿಯುತ್ತದೆ. ಮೂತ್ರಪಿಂಡಕ್ಕೆ ಹಾನಿ ಮಾಡುವುದರಿಂದ ಬಹುತೇಕ ಮೂಲೆಗೆ ಸರಿದಿದ್ದ ಇದು, ಬೇರೆ ಔಷಧಗಳು ಸೋತ ಮೇಲೆ ತೀವ್ರ ನಿಗಾ ಘಟಕಗಳ ಕೊನೆಯ ಅಸ್ತ್ರವಾಗಿ ಮರಳಿತು. ಅದೇ ಹೊತ್ತಿಗೆ ಹಲವು ದೇಶಗಳಲ್ಲಿ ಕೋಳಿ ಮತ್ತು ಹಂದಿಗಳ ತೂಕ ಹೆಚ್ಚಿಸಲು ಇದನ್ನು ಮೇವಿನಲ್ಲಿ ಬೆರೆಸಲಾಗುತ್ತಿತ್ತು.

2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಎಂಸಿಆರ್-1 ಎಂಬ ವಂಶವಾಹಿಯನ್ನು ವರದಿ ಮಾಡಿದರು. ಇದು ಲಿಪಿಡ್-ಎಗೆ ಫಾಸ್ಫೊಎಥನಾಲಮೀನ್ ಸೇರಿಸಿ ಕೊಲಿಸ್ಟಿನ್ ಅಂಟದಂತೆ ಮಾಡುತ್ತದೆ. ಪ್ಲಾಸ್ಮಿಡ್ ಎಂಬ ತುಂಡು ಡಿಎನ್‌ಎಯ ಮೇಲಿರುವುದರಿಂದ ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುತ್ತದೆ. ಭಾರತದ ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಾದಲ್ಲಿ ಹೆಚ್ಚಾಗಿ ಕಂಡಿರುವುದು ಬೇರೆ ಬಗೆ. ಫೋಕ್ಯೂವನ್ನು ಹಿಡಿತದಲ್ಲಿಡುವ ಎಂಜಿಆರ್‌ಬಿ ಎಂಬ ವಂಶವಾಹಿ ಕೆಟ್ಟುಹೋಗಿ, ಪೆಪ್ಟೈಡ್ ಇರಲಿ ಇಲ್ಲದಿರಲಿ, ರಕ್ಷಣೆ ಸದಾ ಚಾಲೂ ಇರುತ್ತದೆ. ಪ್ಲೇಗಿನ ಬ್ಯಾಕ್ಟೀರಿಯಾ ಚಿಗಟದಲ್ಲಿ ಬಳಸುವ ಉಪಾಯವೂ ಇದೂ ಮೂಲದಲ್ಲಿ ಒಂದೇ.

ಕೊಲಿಸ್ಟಿನ್‌ಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ತಳಿಗಳು ಎಲ್‌ಎಲ್-37 ಮತ್ತು ಲೈಸೋಜೈಮ್‌ಗೂ ಬಗ್ಗುವುದಿಲ್ಲವೆಂದು 2013ರಲ್ಲಿ ತಿಳಿಯಿತು. ಪ್ರಮೋದ್ ಜಾಂಗಿರ್, ಕ್ರೇಗ್ ಮ್ಯಾಕ್ಲೀನ್ ಮತ್ತು ಸಂಗಡಿಗರು ಆಕ್ಸ್‌ಫರ್ಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟವಾಗಿದೆ: ಎಂಸಿಆರ್-1 ಪಡೆದ ಇ. ಕೋಲೈ ಮನುಷ್ಯ, ಹಂದಿ, ಕೋಳಿಗಳ ಸ್ವಂತ ಪೆಪ್ಟೈಡ್‌ಗಳಿಗೂ ಮನುಷ್ಯರ ರಕ್ತದ ಸೀರಮ್‌ಗೂ ಹೆಚ್ಚು ಪ್ರತಿರೋಧ ತೋರಿತು. ಹೀಗಾಗಿ ಕೊಲಿಸ್ಟಿನ್ ಪ್ರತಿರೋಧವೆಂದರೆ ಒಂದು ಔಷಧ ಕಳೆದುಕೊಂಡಷ್ಟೇ ಅಲ್ಲ. ಆ ಔಷಧವನ್ನು ಎಂದೂ ತೆಗೆದುಕೊಳ್ಳದವರ ದೇಹದ ಕಾವಲನ್ನೂ ಅದು ದುರ್ಬಲಗೊಳಿಸಬಲ್ಲದು.

ಚೀನಾ 2017ರಲ್ಲಿ ಮೇವಿನಲ್ಲಿ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ನಂತರದ ಸಮೀಕ್ಷೆಗಳಲ್ಲಿ ಎಂಸಿಆರ್-1 ಗಣನೀಯವಾಗಿ ಇಳಿದಿತ್ತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳು, ಕೋಳಿ ಮತ್ತು ಮೀನು ಸಾಕಣೆಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ, ವಿತರಣೆಗಳನ್ನು ನಿಷೇಧಿಸಿತು.

ಓದುಗರು ಗಮನಿಸಬೇಕಾದದ್ದು

ಕಾವಲು ಪ್ರೋಟೀನ್‌ಗಳನ್ನು ಹೆಚ್ಚಿಸುವ ಗುಳಿಗೆ ಅಂಗಡಿಯಲ್ಲಿ ಸಿಗುವುದಿಲ್ಲ. ವಿಟಮಿನ್ ಡಿ ಎಲ್‌ಎಲ್-37 ತಯಾರಿಕೆಗೆ ಬೇಕೆಂಬುದು 2006ರಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕುರಿತ ಸಂಶೋಧನೆಯಿಂದ ತಿಳಿದಿದೆ. ಹಾಗೆಂದು ಅದನ್ನು ಸೋಂಕಿಗೆ ಔಷಧವೆಂದು ನುಂಗಲು ಆಧಾರವಿಲ್ಲ, ಕೊರತೆ ಇರುವವರು ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ಸಾಕು. ಹುಟ್ಟಿದ ಮಗುವಿಗೆ ಮೊದಲ ಹಾಲನ್ನು ಚೆಲ್ಲದೆ ಕುಡಿಸುವುದು, ಎಕ್ಸಿಮಾ ಇರುವವರು ಚರ್ಮ ಒಣಗಿ ಬಿರಿಯದಂತೆ ನೋಡಿಕೊಳ್ಳುವುದು, ನಾರಿನಂಶವಿರುವ ಊಟ ಮಾಡುವುದು – ದೇಹದ ಕಾವಲಿಗೆ ನೆರವಾಗುವ ಸರಳ ಕ್ರಮಗಳಿವು.

ಮಿಕ್ಕ ಹೊಣೆ ಸಾರ್ವಜನಿಕವಾದದ್ದು. ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಳ್ಳುವುದನ್ನು ನಾವು ಬಿಡಬೇಕು. ಕೋಳಿ ಸಾಕಣೆ ದೊಡ್ಡ ಉದ್ಯಮವಾಗಿರುವ ನಾಸಿಕದಲ್ಲಾಗಲಿ, ಕರ್ನಾಟಕದ ಯಾವುದೇ ಜಿಲ್ಲೆಯಲ್ಲಾಗಲಿ, ಮೇವಿನ ಚೀಲದಲ್ಲಿ ಏನು ಬೆರೆತಿದೆ ಎಂಬುದನ್ನು ಸಾಕುವವರು ಕೇಳಿ ತಿಳಿಯಬೇಕು, ಅಧಿಕಾರಿಗಳು ಪರೀಕ್ಷಿಸಬೇಕು. ಹೊಸ ಪೆಪ್ಟೈಡ್ ಔಷಧ ಬಂದಾಗ ಅದಕ್ಕೆ ಒಗ್ಗಿದ ಬ್ಯಾಕ್ಟೀರಿಯಾ ಮನುಷ್ಯರ ಡಿಫೆನ್ಸಿನ್ ಮತ್ತು ಎಲ್‌ಎಲ್-37ಕ್ಕೂ ಒಗ್ಗುತ್ತದೆಯೇ ಎಂಬ ಪರೀಕ್ಷೆ ಅನುಮತಿಗೆ ಮೊದಲೇ ಕಡ್ಡಾಯವಾಗಬೇಕು. ಕಳೆದುಹೋದ ಆಂಟಿಬಯೋಟಿಕ್ಕಿಗೆ ಬದಲಿ ಹುಡುಕಬಹುದು. ದೇಹದ ಸ್ವಂತ ಪ್ರೋಟೀನ್‌ಗಳಿಗೆ ಬದಲಿ ಇಲ್ಲ.